ಕತ್ತರಿಸಿದ ಪ್ಲಗ್

"ಏನೇ ಗುನ್ವೋರ್, ಹೊಸ ಬ್ಯಾಟರಿನ ಯಾಕೆ ಸಾಯಿಸೋಕೆ ತಂದಿದ್ದೀಯ?"

ತೋರ್ನಿ ಹೀಗೆ ಕೇಳಿದಾಗ ಗುನ್ವೋರ್ ಬಾಯಲ್ಲಿ ಬೆಣ್ಣೆ ಬ್ರೆಡ್ಡಿತ್ತು. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಳು. ತೋರ್ನಿ ರಿಮೋಟ್ ಕಾರು ಕ್ಲಬ್ಬಿನ ಹಳೆಯ ಹುಲಿ, ಎಲೆಕ್ಟ್ರಿಷಿಯನ್ ಆಗಿ ನಿವೃತ್ತನಾದವನು. ಕೊಂಕಿಲ್ಲದೆ ನಮಸ್ಕಾರವನ್ನೂ ಹೇಳುವವರ ಪೈಕಿಯಲ್ಲ.

"ಹೊಸದೆಲ್ಲಿಂದ ಬಂತು? ಹೋದ ವಾರ ಆ ದಡ್ಡ ನನ್ನ ಕಾರಿಗೆ ಗುದ್ದಿ ಗೋಡೆಗೆ ಎಸೆದ್ನಲ್ಲ, ಅದರೊಳಗಿದ್ದದ್ದು ಇದು. ಪ್ಲಗ್ ಕತ್ತರಿಸಿದೀನಿ, ಕಾಣಲ್ವಾ? ಸುಮ್ನೆ ಬಕೆಟ್ಟಿಗೆ ಹಾಕು."

"ಹಾಕ್ತೀನಿ ತಾಯಿ. ಆದ್ರೆ ಮೀಟರ್ ಬೇರೆ ಕಥೆ ಹೇಳ್ತಿದೆ. ಒಳಗಿನ ಎರಡೂ ಸೆಲ್ಲು ಅಕ್ಕತಂಗಿ ಥರ ಸಮ ಇವೆ. ಇದು ಒಂದು ಸುತ್ತೂ ಓಡಿಲ್ಲ. ಇದಕ್ಕೆ ಯಾರೂ ಗುದ್ದೂ ಇಲ್ಲ."

ಗುನ್ವೋರ್ ಬ್ಯಾಟರಿಯನ್ನು ಅವನ ಕೈಯಿಂದ ಕಿತ್ತುಕೊಂಡು ತಿರುಗಿಸಿದಳು. ಹೋದ ವಾರ ಗುದ್ದು ತಿಂದ ಬ್ಯಾಟರಿಯ ನೀಲಿ ಕವಚದ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಹೆಬ್ಬೆರಳಿನಿಂದ ಒಂದು ಮೂಲೆ ಸವರಿದಳು, ಇನ್ನೊಂದು ಮೂಲೆ ಸವರಿದಳು. ಎಲ್ಲ ನುಣ್ಣಗಿತ್ತು.

ಇದು ಹೊಸದಾದರೆ, ಬಿರುಕು ಬಿಟ್ಟದ್ದು ಮನೆಯಲ್ಲಿದೆ. ಅಡುಗೆಮನೆಯಲ್ಲಿ, ಚಾರ್ಜರಿಗೆ ಸಿಕ್ಕಿಸಿಕೊಂಡು, ಗಂಡ ಸಿಕ್ಸ್ತೆನ್ ಪಕ್ಕದಲ್ಲೇ.



ವೆಟ್ಲಾಂಡಾ ಎಂಬ ಈ ಸಣ್ಣ ಊರಿನಲ್ಲಿ ಚಳಿಗಾಲದ ಭಾನುವಾರ ಬಂತೆಂದರೆ ಈ ಜನ ಹಳೆಯ ಪೀಠೋಪಕರಣ ಕಾರ್ಖಾನೆಯ ನೆಲಕ್ಕೆ ಕಾರ್ಪೆಟ್ ಹಾಸಿ ರಿಮೋಟ್ ಕಾರು ಓಡಿಸುತ್ತಾರೆ. ಆಟಿಕೆ ಅಂದು ನೋಡಿ, ಜಗಳಕ್ಕೇ ಬರುತ್ತಾರೆ! ಊರಿನ ಬಸ್ಸು ಓಡಿಸುವ ಗುನ್ವೋರಳಂಥ ಗಟ್ಟಿ ಹೆಂಗಸು ಕೂಡ ಮೊಳದುದ್ದವೂ ಇಲ್ಲದ ಕಾರಿನ ಹಿಂದೆ ಚಿಕ್ಕ ಹುಡುಗಿಯಂತೆ ಕುಣಿಯುತ್ತಾಳೆ. ಆದರೆ ಆ ಕಾರಿನ ಹೊಟ್ಟೆಯೊಳಗಿನ ಲಿಥಿಯಂ ಪಾಲಿಮರ್ ಬ್ಯಾಟರಿಯ ಮಾತು ಬಂದರೆ ಎಲ್ಲರ ಆಟವೂ ನಿಲ್ಲುತ್ತದೆ. ಅದಕ್ಕೆ ಎಲ್ಲರೂ ಹೆದರುತ್ತಾರೆ, ಹೆದರಲೇಬೇಕು. ಒಳಗೆ ಪೆಟ್ಟು ಬಿದ್ದ ಬ್ಯಾಟರಿ ಚಾರ್ಜಿಗೆ ಹಾಕಿದಾಗ ಊದಿಕೊಳ್ಳಬಹುದು, ಸಿಹಿ ವಾಸನೆ ಬಿಡಬಹುದು, ಆಮೇಲೆ ಬುಸ್ ಎಂದು ಹತ್ತಿಕೊಳ್ಳಬಹುದು. ಎರಡು ಚಳಿಗಾಲದ ಹಿಂದೆ ಈ ಕಾರ್ಖಾನೆಯೊಳಗೇ ಒಂದು ಹತ್ತಿಕೊಂಡಿತ್ತು. ಎಲ್ಲರೂ ಕೆಮ್ಮುತ್ತ ಹಿಮದೊಳಕ್ಕೆ ಓಡಿದ್ದು ಗುನ್ವೋರಳಿಗೆ ಚೆನ್ನಾಗಿ ನೆನಪಿದೆ.

ಅದಕ್ಕೇ ಇವರಲ್ಲೊಂದು ಪದ್ಧತಿ. ಬ್ಯಾಟರಿಗೆ ಜೋರು ಪೆಟ್ಟು ಬಿದ್ದರೆ ಅಲ್ಲೇ, ಆಗಲೇ, ಅದರ ಪ್ಲಗ್ ಕತ್ತರಿಸಬೇಕು. ಹೆಣದ ಕಾಲ್ಬೆರಳು ಕಟ್ಟಿದ ಹಾಗೆ, ಅಲ್ಲಿಗೆ ಮುಗಿಯಿತು. ಪ್ಲಗ್ ಇಲ್ಲದ ಬ್ಯಾಟರಿಯನ್ನು ಯಾರೂ ಮರೆತೂ ಚಾರ್ಜರಿಗೆ ಸಿಕ್ಕಿಸಲಾರರು. ಮುಂದಿನ ವಾರ ತೋರ್ನಿ ಅದನ್ನು ಅಳೆದು, ತಂತಿಗೆ ಟೇಪು ಸುತ್ತಿ, ಮರಳಿನ ಬಕೆಟ್ಟಿಗೆ ಹಾಕಿ ಸಾಗಹಾಕುತ್ತಾನೆ.

ಆದರೆ ಈ ಸ್ಮೋಲಂಡ್ ಸೀಮೆಯವರ ಕೈ ನಿಮಗೆ ಗೊತ್ತಲ್ಲ. ಬಿಗಿ ಅಂದರೆ ಬಿಗಿ. ದಾರದ ತುಂಡನ್ನೂ ಡಬ್ಬಿಯಲ್ಲಿಟ್ಟುಕೊಳ್ಳುವ ಜನ.

ಬ್ಯಾಟರಿ ಕೊಳ್ಳುವಾಗ ಗುನ್ವೋರ್ ತಪ್ಪು ಮಾಡಿರಲಿಲ್ಲ. ತೋರ್ನಿಯೇ ಹೇಳಿಕೊಟ್ಟಿದ್ದ: "ಮೇಲೆ ಅಂಟಿಸಿರೋ ದೊಡ್ಡ ದೊಡ್ಡ ನಂಬರ್ ನಂಬಬೇಡ ಮಾರಾಯ್ತಿ, ಅದು ಮಾರೋನ ಬಾಯಿ ಇದ್ದಷ್ಟು ದೊಡ್ಡದಾಗುತ್ತೆ. ತಕ್ಕಡೀಲಿಟ್ಟು ತೂಗು. ಹಗುರ ಇದ್ರೆ ಒಳಗೆ ಸರಕಿಲ್ಲ ಅಂತ ಅರ್ಥ. ತಂತಿ ದಪ್ಪ ಇದೆಯಾ ನೋಡು. ಕವಚ ಗಟ್ಟಿ ಇದೆಯಾ ನೋಡು. ಕೆಟ್ರೆ ವಾಪಸ್ ತಗೋತಾನಾ ಕೇಳು. ಇಷ್ಟಾದ್ಮೇಲೆ ಅಗ್ಗದ್ದೇ ತಗೋ, ಅಗ್ಗ ಅನ್ನೋದು ಪಾಪ ಅಲ್ಲ." ಅವಳು ಹಾಗೆಯೇ ಅಳೆದು ತೂಗಿ ಆ ನೀಲಿ ಬ್ಯಾಟರಿ ಆರಿಸಿದ್ದಳು. ಒಳ್ಳೆಯ ಮಾಲು. ಅಗ್ಗಕ್ಕೆ ಕಾರಣ ಒಂದೇ, ಅದು ಪ್ಲಗ್ ಇಲ್ಲದೆ ಬರೀ ತಂತಿಯೊಂದಿಗೆ ಬರುತ್ತಿತ್ತು. ಪ್ಲಗ್ ನಾವೇ ಬೆಸೆದುಕೊಳ್ಳಬೇಕು.

ಮೊದಲನೆಯದಕ್ಕೆ ಪೆಟ್ಟು ಬಿದ್ದ ಮೇಲೆ ಅಂಥದ್ದೇ ಇನ್ನೊಂದು ತರಿಸಿದಳು. ಕತ್ತರಿಸಿದ ಪ್ಲಗ್ಗು ಬಂಗಾರದ ಬಣ್ಣದ್ದು, ಚೆನ್ನಾಗಿತ್ತು. ಬಿಸಾಡುವುದುಂಟೇ? ಅದನ್ನೇ ಹೊಸದಕ್ಕೆ ಬೆಸೆದರಾಯಿತು ಎಂದು ಮೊನ್ನೆ ಮೇಜಿನ ಮುಂದೆ ಕೂತಿದ್ದಳು. ಮೇಜಿನ ಮೇಲೆ ಎರಡು ನೀಲಿ ಬ್ಯಾಟರಿ, ಎರಡಕ್ಕೂ ಬೋಳು ತಂತಿ. ಅಷ್ಟರಲ್ಲಿ ಸಿಕ್ಸ್ತೆನ್, "ಮುದುಕೀ, ಕಾಫಿ ಆರಿಹೋಗ್ತಿದೆ ಬಾರೇ!" ಎಂದು ಕೂಗಿದ. ಕಾಫಿ ಕುಡಿದು ಬಂದು, ಕನ್ನಡಕ ಅಲ್ಲೇ ಮರೆತು, ಕೈಗೆ ಸಿಕ್ಕಿದ್ದಕ್ಕೆ ಬೆಸುಗೆ ಹಾಕಿದಳು. ಸತ್ತದ್ದನ್ನು ಎಬ್ಬಿಸಿ ಕೂರಿಸಿದಳು. ಅಯ್ಯೋ, ಒಂದು ಪ್ಲಗ್ಗಿಗಾಗಿ!

"ಮನೇಲಿ ಚಾರ್ಜಿಗೆ ಹಾಕಿದ್ದೀಯ?" ತೋರ್ನಿಯ ಮುಖದಲ್ಲಿ ಈಗ ತಮಾಷೆ ಇರಲಿಲ್ಲ. ಅವಳ ಮುಖ ನೋಡಿಯೇ ಅವನಿಗೆ ಎಲ್ಲ ತಿಳಿದುಹೋಗಿತ್ತು.

"ಸಿಕ್ಸ್ತೆನ್ ಹಾಕಿರ್ತಾನೆ. ಇಲ್ಲಿ ಒಬ್ಬರಿಗೆ ಒಂದೇ ಚಾರ್ಜರ್ ಅಲ್ವಾ, ಫೈನಲ್ಲಿಗೆ ಬಿಸಿಬಿಸಿ ಚಾರ್ಜ್ ಆಗಿರಲಿ ಅಂತ... ರೇಡಿಯೋದಲ್ಲಿ ಚರ್ಚಿನ ಪ್ರಾರ್ಥನೆ ಮುಗಿದ ತಕ್ಷಣ ಹಸಿರು ಗುಂಡಿ ಒತ್ತು ಅಂದಿದ್ದೆ."

"ಪ್ರಾರ್ಥನೆ ಮುಗಿದು ಎಷ್ಟೋ ಹೊತ್ತಾಯ್ತಲ್ಲೇ! ಫೋನ್ ಮಾಡು!"

ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಮಾಡಿದಳು. ಹಾಗೇ. ಪ್ರಾರ್ಥನೆಯಾದ ಮೇಲೆ ಅಡುಗೆಮನೆಯ ಟಿವಿಯಲ್ಲಿ ಸ್ಕೀ ಪಂದ್ಯ. ಸಿಕ್ಸ್ತೆನ್‌ಗೆ ಕಿವಿ ಮಂದ, ಪಂದ್ಯ ನೋಡುವಾಗ ಕಿವಿ ತುಂಬ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾನೆ. ಫೋನು ಬಾಗಿಲ ಬಳಿ ಕೋಟಿನ ಜೇಬಿನಲ್ಲಿರುತ್ತದೆ. ಮನೆಗೆ ಬೆಂಕಿ ಬಿದ್ದರೂ ಅವನಿಗೆ ಕೇಳಿಸದು ಎಂದು ಅವಳೇ ಎಷ್ಟು ಸಲ ನಗಾಡಿಲ್ಲ! ಆ ಮಾತು ಈಗ ನೆನಪಾಗಿ ಮೂರನೆಯ ಸಲ ಫೋನ್ ಮಾಡಿದಳು.

"ನಡಿ, ನಾನು ಓಡಿಸ್ತೀನಿ," ಎಂದು ತೋರ್ನಿ ಆಗಲೇ ವ್ಯಾನಿನ ಕಡೆ ಓಡುತ್ತಿದ್ದ.

ಓಡುವಾಗಲೇ ಅಗ್ನಿಶಾಮಕದವರಿಗೂ ಫೋನ್ ಮಾಡಿ ಹೇಳಿದ. ಆದರೆ ಸಣ್ಣ ಊರು, ಭಾನುವಾರ. ಬೆಂಕಿ ಆರಿಸುವವರು ಅವರವರ ಮನೆಯಿಂದ ಹೊರಟು ಠಾಣೆಗೆ ಬಂದು, ಬಟ್ಟೆ ತೊಟ್ಟು, ಆಮೇಲೆ ಬರಬೇಕು. ಅವರಿಗಿಂತ ಮೊದಲು ನಾವೇ ತಲುಪುತ್ತೇವೆ ಎಂದು ಗುನ್ವೋರ್ ಅಂದುಕೊಂಡಳು. ಅಷ್ಟರಲ್ಲಿ ತಿರುವಿನಲ್ಲಿ ಹಿಮ ತಳ್ಳುವ ಲಾರಿ ಅಡ್ಡ ಸಿಕ್ಕಿತು. ರಸ್ತೆಯ ಮುಕ್ಕಾಲು ಭಾಗ ಹಿಡಿದುಕೊಂಡು ಆರಾಮವಾಗಿ ಹೋಗುತ್ತಿತ್ತು.

"ಹಾರ್ನ್ ಹೊಡಿ ತೋರ್ನಿ!"

"ಹೊಡೀತಿದೀನಲ್ಲ! ಆಸಾಮಿಗೆ ಕೇಳಬೇಕಲ್ಲ! ಪಕ್ಕಕ್ಕೆ ಹೋದ್ರೆ ಚರಂಡಿಗೆ ಬೀಳ್ತೀವಿ." ಗೇರು ಇಳಿಸುತ್ತ ಅವನೇ ಅಂದ, "ಸಿಕ್ಸ್ತೆನ್ ಎದ್ದು ಓಡಿರ್ತಾನೆ ಬಿಡು. ವಾಸನೆ ಬಂದ್ರೆ ಯಾರಾದ್ರೂ ಕೂತಿರ್ತಾರಾ?"

ಸಿಕ್ಸ್ತೆನ್‌ಗೆ ಸೊಂಟದ ಕೀಲು ಬದಲಾಯಿಸಿ ಒಂದು ತಿಂಗಳಾಗಿತ್ತಷ್ಟೇ. ಊರುಗೋಲಿಲ್ಲದೆ ಏಳಲಾರ, ಎದ್ದರೂ ಓಡಲಾರ. ಅದಕ್ಕಿಂತ ದೊಡ್ಡ ಭಯ ಬೇರೆಯಿತ್ತು. ಬೆಳಿಗ್ಗೆ ಹೊರಡುವಾಗ ಅವಳೇ ಕುರ್ಚಿಯನ್ನು ಚಾರ್ಜರಿನ ಪಕ್ಕಕ್ಕೆ ಎಳೆದು ಅವನನ್ನು ಕೂರಿಸಿ, "ಪೂರ್ತಿ ಆಗೋವರೆಗೂ ಬಿಟ್ಟು ಕದಲಬೇಡ, ತಿಳೀತಾ? ನಾನು ಊಟಕ್ಕೆ ಬಂದಾಗ ತಗೊಂಡು ಹೋಗ್ತೀನಿ," ಅಂದಿದ್ದಳು. ಚಾರ್ಜ್ ಆಗುವ ಬ್ಯಾಟರಿಯನ್ನು ಒಂಟಿ ಬಿಡಬಾರದು, ಕ್ಲಬ್ಬಿನ ಮೊದಲ ಪಾಠ ಅದು. "ಯಾಕಂತೆ?" ಎಂದು ಅವನು ಕೇಳಿದ್ದ. "ಯಾಕೂ ಇಲ್ಲ, ನಿಯಮ," ಅಂದಿದ್ದಳು.

ಯಾಕೆ ಎಂದು ಈ ನಾಲ್ಕು ವರ್ಷದಲ್ಲಿ ಒಂದು ದಿನವೂ ಅವಳು ಅವನಿಗೆ ಹೇಳಿಲ್ಲ. ಟೋಸ್ಟರ್ ಒಮ್ಮೆ ಕಿಡಿ ಹಾರಿಸಿತೆಂದು ಅದನ್ನು ಅಂದೇ ಮನೆಯಿಂದ ಹೊರಗೆ ಹಾಕಿದ ಮನುಷ್ಯ ಅವನು. ಗೊತ್ತಾದರೆ ಬ್ಯಾಟರಿಯ ಜೊತೆ ಅವಳ ಭಾನುವಾರಗಳನ್ನೂ ಹೊರಗೆ ಹಾಕುತ್ತಿದ್ದ. ಕಾರ್ಖಾನೆಯಲ್ಲಿ ಬ್ಯಾಟರಿ ಹತ್ತಿಕೊಂಡ ದಿನ ಕೂಡ ಮನೆಗೆ ಬಂದು, ಬಟ್ಟೆಯ ಹೊಗೆ ವಾಸನೆಗೆ, ಮಾಂಸ ಸುಡುವ ಒಲೆ ಕೆಟ್ಟಿತ್ತು ಎಂದು ಸುಳ್ಳು ಹೇಳಿದ್ದಳು.

"ದೇವರೇ, ಅವನು ಮಾತು ಕೇಳದೆ ಎದ್ದು ಹೋಗಿರಲಿ," ಎಂದಳು ಜೋರಾಗಿ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಮಾತು ಮೀರಲಿ ಎಂದು ಅವಳು ಬೇಡಿಕೊಂಡದ್ದು ಅದೇ ಮೊದಲು.

ಹಿಮದ ಲಾರಿ ಕೊನೆಗೂ ಪೆಟ್ರೋಲ್ ಬಂಕಿನ ಕಡೆ ತಿರುಗಿತು. ಮನೆಯ ಮುಂದೆ ವ್ಯಾನು ನಿಲ್ಲುವ ಮೊದಲೇ ಗುನ್ವೋರ್ ಹಾರಿಕೊಂಡು ತಲೆಯೆತ್ತಿ ನೋಡಿದಳು. ಮೂರನೆಯ ಮಹಡಿಯ ಕಿಟಕಿಯಲ್ಲಿ ಹೊಗೆಯಿಲ್ಲ. ಅಳುವಷ್ಟು ಸಮಾಧಾನವಾಯಿತು. ಮೆಟ್ಟಿಲು ಹತ್ತುವಷ್ಟರಲ್ಲಿ ಆ ಸಮಾಧಾನವೂ ಹೋಯಿತು. ಬಾಗಿಲ ಸಂದಿಯಿಂದಲೇ ವಾಸನೆ ಬರುತ್ತಿತ್ತು, ಉಗುರುಬಣ್ಣ ಒರೆಸುವ ನೀರಿನಂಥ ಸಿಹಿ ವಾಸನೆ. ಬೀಗದ ಕೈ ತೂತಿಗೆ ಸಿಗುತ್ತಲೇ ಇಲ್ಲ. ತೋರ್ನಿ ಕಿತ್ತುಕೊಂಡು ತೆಗೆದ.

ಸಿಕ್ಸ್ತೆನ್ ಅಲ್ಲೇ ಇದ್ದ. ಅವಳು ಕೂರಿಸಿದ ಕುರ್ಚಿಯಲ್ಲೇ, ಬಾಗಿಲಿಗೆ ಬೆನ್ನು ಮಾಡಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಟಿವಿಯಲ್ಲಿ ಯಾರೋ ಬೆಟ್ಟ ಹತ್ತುತ್ತಿದ್ದರು, ಅವನು ಅದನ್ನು ನೋಡುತ್ತಿರಲಿಲ್ಲ. ಕಟ್ಟೆಯ ಮೇಲೆ ಅವಳು ಚಾರ್ಜಿಗೆಂದೇ ಇಟ್ಟಿದ್ದ ಮರಳು ತುಂಬಿದ ಹೂಕುಂಡ, ಅದರೊಳಗೆ ಬ್ಯಾಟರಿ, ಮೇಲೆ ಮುಚ್ಚಿದ ನೆಲದ ಹೆಂಚು. ಹೆಂಚು ಒಂದು ಕಡೆ ಎದ್ದಿತ್ತು. ಸಂದಿಯಲ್ಲಿ ನೀಲಿ ಕವಚ ಬಾಯಿ ಬಿಟ್ಟು ಬೆಳ್ಳಿ ಬಣ್ಣದ ಹೊಟ್ಟೆ ಉಬ್ಬಿಕೊಂಡಿತ್ತು. ಅವನು ಒಂದು ಕೈಯಲ್ಲಿ ಊರುಗೋಲು ಹಿಡಿದು, ಇನ್ನೊಂದು ಕೈಯನ್ನು ಆ ಹೆಂಚಿನ ಮೇಲಿಟ್ಟು ಒತ್ತುತ್ತಿದ್ದ.

ಗುನ್ವೋರಳಿಗೆ ಕಿರುಚಲೂ ಆಗಲಿಲ್ಲ. ಕಿರುಚಿದರೂ ಅವನಿಗೆ ಕೇಳುತ್ತಿರಲಿಲ್ಲ. ಓಡಿಹೋಗಿ ಗೋಡೆಯಿಂದ ವೈರು ಕಿತ್ತಳು, ಅವನ ಕೈ ಸರಿಸಿದಳು, ಕುಂಡವನ್ನು ಹೆಂಚಿನ ಸಮೇತ ತಬ್ಬಿ ಎತ್ತಿದಳು. ತೋರ್ನಿ ಬಾಲ್ಕನಿಯ ಬಾಗಿಲು ತೆರೆದ. ಹಿಮದ ಗುಡ್ಡೆಯೊಳಕ್ಕೆ ಕುಂಡ ಇಟ್ಟು, ಒಳಗೆ ಬಂದು ಬಾಗಿಲು ಹಾಕಿ, ಚಿಲಕಕ್ಕೆ ಕೈ ಹಾಕುತ್ತಿದ್ದಂತೆ ಹೊರಗೆ ಬುಸ್ಸೆಂದಿತು. ಹೆಂಚು ಹಾರಿ ಕಂಬಿಗೆ ಬಡಿಯಿತು. ಗಾಜಿನಾಚೆ ಬಿಳಿಯ ಬೆಂಕಿ ಕುದಿಯಿತು, ಆಮೇಲೆ ಹೊಗೆ ಕವಿದು ಏನೂ ಕಾಣಲಿಲ್ಲ.



ಸಿಕ್ಸ್ತೆನ್ ಮೆಲ್ಲಗೆ ಹೆಡ್‌ಫೋನ್ ತೆಗೆದ. "ಬಂದ್ಯಾ?" ಎಂದ. ಅವನ ತುಟಿ ಬಿಳಿಚಿತ್ತು.

"ಏಳ್ಬಾರದಾಗಿತ್ತಾ! ವಾಸನೆ ಬರ್ಲಿಲ್ವಾ ನಿಂಗೆ? ಹೊರಗೆ ಹೋಗೋದಲ್ವಾ ಕತ್ತೆ!" ಗುನ್ವೋರ್ ಅವನ ಭುಜ ಹಿಡಿದು ಅಲುಗಿಸಿದಳು. ಅಳುತ್ತಿದ್ದೇನೆ ಎಂಬುದು ಅವಳಿಗೇ ತಿಳಿದಿರಲಿಲ್ಲ.

"ಬಂತು. ಮುಚ್ಚಳ ಏಳೋದೂ ಕಾಣಿಸ್ತು. ತುಂಬಾ ಭಯ ಆಯ್ತು ಕಣೇ. ಎದ್ದುಬಿಡೋಣ ಅಂತ ಎಷ್ಟು ಸಲ ಅನ್ನಿಸ್ತೋ. ಬಿಟ್ಟು ಕದಲಬೇಡ ಅಂದಿದ್ಯಲ್ಲ, ಕದಲಿದ್ರೆ ಏನೋ ಕೆಡುತ್ತೆ ಅಂದ್ಕೊಂಡೆ. ಅದಕ್ಕೇ ಒತ್ತಿ ಹಿಡ್ಕೊಂಡೆ."

ತೋರ್ನಿ ಟೋಪಿ ತೆಗೆದುಕೊಂಡು, ಕೆಳಗೆ ಅಗ್ನಿಶಾಮಕದವರಿಗೆ ದಾರಿ ತೋರಿಸುತ್ತೇನೆಂದು ಹೊರಗೆ ಹೋದ. ದೂರದಲ್ಲಿ ಅವರ ಲಾರಿಯ ಸೈರನ್ ಈಗಷ್ಟೇ ಕೇಳತೊಡಗಿತ್ತು.

ಗುನ್ವೋರ್ ಸಿಕ್ಸ್ತೆನ್‌ನ ಅಂಗೈಯನ್ನು ತಿರುಗಿಸಿದಳು. ಕೆಂಪಗೆ, ಬಿಸಿಯಾಗಿತ್ತು. ಹೆಂಚಿನ ಅಂಚು ಗೆರೆಯಾಗಿ ಮೂಡಿತ್ತು. ಒದ್ದೆ ಬಟ್ಟೆ ತಂದು ಅವನ ಕಾಲ ಬಳಿ ನೆಲದ ಮೇಲೆ ಕೂತು ಸುತ್ತತೊಡಗಿದಳು. ಅವನು ಬಾಲ್ಕನಿಯ ಕಪ್ಪಾದ ಗಾಜನ್ನೇ ನೋಡುತ್ತಿದ್ದ.

"ಹೀಗೂ ಆಗುತ್ತೆ ಅಂತ ನಿನಗೆ ಮೊದ್ಲೇ ಗೊತ್ತಿತ್ತಾ?"

ಇಲ್ಲ ಅನ್ನಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ.

"ಗೊತ್ತಿತ್ತು," ಎಂದಳು.

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮನೇಲಿ ಇಟ್ಕೊಳ್ಳೋಕೆ ಬಿಡ್ತಿರ್ಲಿಲ್ಲ ನೀನು."

"ಬಿಡ್ತಿರ್ಲಿಲ್ಲ," ಎಂದ ಸಿಕ್ಸ್ತೆನ್. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬಟ್ಟೆ ಸುತ್ತಿದ ಕೈಯನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ತನ್ನ ಮಡಿಲಲ್ಲಿಟ್ಟುಕೊಂಡ. ಮೆಟ್ಟಿಲ ಮೇಲೆ ಬೂಟುಗಳ ಸದ್ದು ಹತ್ತಿರವಾಗುತ್ತಿತ್ತು, ಅವನಿಗೆ ಅದು ಕೇಳಿಸಲಿಲ್ಲ.