ನನ್ನೊಳಗಿನ ಬಸ್ಸು

ನಾನು ಒಂದು ಸಿ.ಡಿ. ಗದಗಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ನೀಲಾಂಬಿಕಾ ಟೀಚರ್ ನನ್ನ ಮೇಲೆ ತಮ್ಮ ಕಥೆ ಬರೆದರು. ಪೆನ್ನಿನಿಂದಲ್ಲ, ಬೆಳಕಿನಿಂದ. ಸ್ವಲ್ಪ ಬಿಸಿಯಾಯಿತು, ನೋಯಲಿಲ್ಲ.

ಕಥೆ ಒಂದು ಬಸ್ಸಿನದು. ಪರದೆಯ ಮೇಲೆ ಸೀಟುಗಳು, ಸೀಟಿಗೊಬ್ಬರು. ಒಬ್ಬರನ್ನು ಒತ್ತಿದರೆ ಅವರ ಮನಸ್ಸಿನ ಮಾತು ತೆರೆಯುತ್ತದೆ. ಅದನ್ನು ಓದುವಷ್ಟರಲ್ಲಿ ಬಸ್ಸು ಮುಂದೆ ಹೋಗಿ, ಬೇರೆ ಯಾರೋ ಇಳಿದಿರುತ್ತಾರೆ. ಎಲ್ಲರ ಮಾತನ್ನೂ ಒಂದೇ ಸಲಕ್ಕೆ ಯಾರೂ ಓದಲಾರರು.

ಟೀಚರ್ ನನ್ನನ್ನು ಒಂದು ಕಥಾಸ್ಪರ್ಧೆಗೆ ಕಳಿಸಿದರು. ಇದು ಆಟ, ಕಥೆಯಲ್ಲ ಎಂಬ ಚೀಟಿಯೊಂದಿಗೆ ನಾನು ವಾಪಸು ಬಂದೆ. ಅವರು ಆ ಚೀಟಿಯನ್ನು ಯಾರಿಗೂ ತೋರಿಸಲಿಲ್ಲ. ನನ್ನನ್ನು ಧಾರವಾಡದ ಒಂದು ಕಾಲೇಜು ಲೈಬ್ರರಿಗೆ ಕೊಟ್ಟುಬಿಟ್ಟರು. ಮತ್ತೆ ಕಥೆ ಬರೆಯಲಿಲ್ಲವಂತೆ.

ಲೈಬ್ರರಿಯ ಕಪಾಟಿನಲ್ಲಿ ಪರೀಕ್ಷೆಯ ಗೈಡುಗಳ ಸಿ.ಡಿ.ಗಳ ನಡುವೆ ವರ್ಷಗಟ್ಟಲೆ ಇದ್ದೆ. ಒಮ್ಮೆ ಯಾರೋ ಹೊಸ ಕಂಪ್ಯೂಟರಿಗೆ ಹಾಕಿ ನೋಡಿದರು. ಅದರಲ್ಲಿ ನನ್ನ ಕಾಲದ ಕನ್ನಡ ಫಾಂಟ್ ಇರಲಿಲ್ಲ. ನನ್ನ ಮಾತೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡಿತು.

"ಹಾಳಾಗೇತಿ" ಎಂದು ಗುಜರಿ ಪೆಟ್ಟಿಗೆಗೆ ಹಾಕಿದರು. ನಾನು ಹಾಳಾಗಿರಲಿಲ್ಲ.

ಪರಿಮಳಾ ಬಂದದ್ದು ಆಮೇಲೆ. ಕಂಪ್ಯೂಟರಿನಲ್ಲೇ ಓದಬೇಕೆಂದು ಬರೆದ ಕನ್ನಡ ಕಥೆ, ಕವಿತೆಗಳನ್ನು ಹುಡುಕಿ ಸೂಚಿ ಮಾಡುವುದು ಅವಳ ಕೆಲಸ. ಪೆಟ್ಟಿಗೆ ಗುಜರಿಗೆ ಹೋಗುವ ಮುನ್ನ ಒಂದೊಂದನ್ನೂ ತೆಗೆದು, ಮೂಲೆಯ ಹಳೆಯ ಕಂಪ್ಯೂಟರಿಗೆ ಹಾಕಿ ನೋಡಿದಳು. ಅದರಲ್ಲಿ ಹಳೆಯ ಫಾಂಟ್ ಇತ್ತು. ನನ್ನ ಸರದಿ ಬಂತು, ಬಸ್ಸು ಹೊರಟಿತು. ಅವತ್ತು ಅವಳು ಬುತ್ತಿ ಬಿಚ್ಚಲೇ ಇಲ್ಲ.

ಆದರೆ ನನ್ನನ್ನು ಉಳಿಸಿಕೊಳ್ಳಲು ಗ್ರಂಥಪಾಲಕರಾದ ಹಾದಿಮನಿ ಸರ್ ಒಪ್ಪಬೇಕಲ್ಲ.

"ಪ್ರಿಂಟ್ ತಗದು ಬೈಂಡ್ ಮಾಡಸವಾ. ಸಿ.ಡಿ. ಗುಜರಿಗೆ ಕೊಡು."

"ಪ್ರಿಂಟಿನ್ಯಾಗ ಯಾರೂ ಇಳಿಯೂದಿಲ್ರೀ ಸರ್."

"ಇಳದ್ರ ಏನು, ಕುಂತ್ರ ಏನು?"

"ನೀವ ಒಮ್ಮೆ ಹತ್ತಿ ನೋಡ್ರಿ."

ಸರ್ ಕನ್ನಡಕ ಏರಿಸಿ ಕುಳಿತರು. ಮುಂದಿನ ಸೀಟಿನಲ್ಲಿದ್ದ ಪೊಲೀಸನ ಮಾತು ಓದಿದರು, ಆಮೇಲೆ ಕಂಡಕ್ಟರನದು. ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಎಕ್ಸ್-ರೇ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮೌಸಿನ ಬಾಣವನ್ನು ಅವಳ ಕಡೆ ತರುವಷ್ಟರಲ್ಲಿ ಸೀಟು ಖಾಲಿ.

"ಎಲ್ಲಿ ಹ್ವಾದ್ಲು?"

"ಇಳದ್ಲ್ರೀ."

"ಅಕಿ ಮನಸಿನ್ಯಾಗ ಏನಿತ್ತು?"

"ನಾ ಹೇಳೂದಿಲ್ರೀ ಸರ್. ಮತ್ತ ಮೊದಲಿಂದ ಹತ್ರಿ."

"ಕಂಡಕ್ಟರಗಿಂತಾ ಜೋರ ಅದೀಯಲ್ಲ ನೀ" ಎಂದು ನಕ್ಕು, ಸರ್ ಮತ್ತೆ ಹತ್ತಿದರು. ಈ ಸಲ ಮೊದಲು ಅವಳನ್ನೇ ಒತ್ತಿದರು. ಓದಿ, ಅದನ್ನೇ ಇನ್ನೊಮ್ಮೆ ಓದಿದರು. ಎದ್ದಾಗ ಪ್ರಿಂಟಿನ ಮಾತು ಎತ್ತಲಿಲ್ಲ.

"ಕಥಿ ಅಂತ ಬರಿ. ಬರದವ್ರ ಹೆಸರ ಹಾಕು."

ಪರಿಮಳಾ ನೀಲಾಂಬಿಕಾ ಟೀಚರ್‌ಗೆ ಫೋನ್ ಮಾಡಿದಳು. ಅವರ ಹತ್ತಿರ ಒಂದು ಪ್ರತಿಯೂ ಉಳಿದಿರಲಿಲ್ಲ. ಲೈಬ್ರರಿಗೆ ಬಂದು ಸೂಚಿಯಲ್ಲಿ ತಮ್ಮ ಹೆಸರನ್ನೂ, ಅದರ ಪಕ್ಕದ 'ಕಥೆ' ಎಂಬ ಮಾತನ್ನೂ ನೋಡಿದರು. ಸೆರಗಿನಿಂದ ಪರದೆಯನ್ನು ಒರೆಸಿ ಮತ್ತೊಮ್ಮೆ ನೋಡಿದರು.

ನನ್ನಲ್ಲಿದ್ದದ್ದನ್ನೆಲ್ಲ ಈಗ ಲೈಬ್ರರಿಯ ದೊಡ್ಡ ಕಂಪ್ಯೂಟರಿಗೆ ಇಳಿಸಿಕೊಂಡಿದ್ದಾರೆ. ನನ್ನ ಮೈಯ ಹೊಳಪಿನ ಪದರ ಸುಲಿಯುತ್ತಿದೆ. ಒಂದು ಡ್ರಾಯರಿನಲ್ಲಿ, ಮೆತ್ತನೆಯ ಕವರಿನಲ್ಲಿ ಮಲಗಿದ್ದೇನೆ. ಮೈ ನೋಡಿದರೆ ಒಳಗೇನಿದೆ ಎಂದು ಯಾರಿಗೂ ತಿಳಿಯದಂಥವಳು ಲೋಕದಲ್ಲಿ ನಾನೊಬ್ಬಳೇ ಅಲ್ಲ ಎಂದು ಇಲ್ಲಿ ಮಲಗಿ ಯೋಚಿಸುತ್ತೇನೆ.

ಟೀಚರ್ ಇನ್ನೊಂದು ಕಥೆ ಶುರು ಮಾಡಿದ್ದಾರಂತೆ. ಅದಕ್ಕೆ ಸಿ.ಡಿ. ಬೇಡವಂತೆ. ಕೇಳಿದಾಗ ಸ್ವಲ್ಪ ಬೇಸರವಾಯಿತು. ಆಮೇಲೆ ಇಲ್ಲ. ಅವರು ಮತ್ತೆ ಬರೆಯುತ್ತಿದ್ದಾರಲ್ಲ.