ಮಂಗಳಾಳ ಅಲೆ, ನನ್ನ ಜೀಪು

ಆ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಮುದ್ದೆ ಹಾಕುವುದಿಲ್ಲ ಎಂದು ನನ್ನ ಹೆಂಡತಿ ಮಂಗಳಾ ಹೆದರಿಸಿದ್ದಾಳೆ. ಕುಂದಾಪುರ ದಾಟಿದ ಮೇಲೆ ಎಲ್ಲೋ ಒಂದು ಕಡಲತೀರ, ಅಷ್ಟು ಸಾಕು. ಜನಕ್ಕೆ ಗೊತ್ತಾದರೆ ಅಲೆಗೂ ಕ್ಯೂ ನಿಲ್ಲಬೇಕಾಗುತ್ತದಂತೆ. ಬಯಲುಸೀಮೆಯ ಕೊಡಿಗೇನಹಳ್ಳಿಯ ಹೆಂಗಸೊಬ್ಬಳು ಸಮುದ್ರದ ಅಲೆಯನ್ನು ತವರಿನ ಆಸ್ತಿಯ ಹಾಗೆ ಕಾಯುತ್ತಾಳೆ ಎಂದರೆ ನಗು ಬರುವುದಿಲ್ಲವೇ? ನಕ್ಕು ನೋಡಿ, ಆಮೇಲೆ ಬೈಸಿಕೊಳ್ಳುವವನು ನಾನು.

ನನ್ನ ಹೆಸರು ಗಂಗಾಧರ್. ಮೂವತ್ತು ವರ್ಷದಿಂದ ಸ್ಟೀರಿಂಗ್ ಹಿಡಿದಿದ್ದೇನೆ. ಮೊದಲು ಟ್ರ್ಯಾಕ್ಟರ್, ಈಗ ನಾಲ್ಕೂ ಚಕ್ರಕ್ಕೆ ಎಳೆತವಿರುವ ಹಳೇ ಜೀಪು. ಮಂಗಳಾಗೆ ನಲವತ್ತೊಂಬತ್ತು. ಚಿಕ್ಕಂದಿನಲ್ಲಿ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವಳು. ಮದುವೆಯಾದ ಮೇಲೆ ಈಜಿದ್ದನ್ನು ನಾನು ನೋಡಿಯೇ ಇರಲಿಲ್ಲ. ಮೂರು ವರ್ಷದ ಹಿಂದೆ ಸ್ತ್ರೀಶಕ್ತಿ ಸಂಘದವರು ಬಸ್ ಮಾಡಿಕೊಂಡು ಕರಾವಳಿಗೆ ಹೋದರು. ಉಳಿದವರೆಲ್ಲ ಪಾದ ಒದ್ದೆ ಮಾಡಿಕೊಂಡು ಚುರುಮುರಿ ತಿನ್ನುತ್ತಿದ್ದಾಗ, ಇವಳು ಸರ್ಫಿಂಗ್ ಕಲಿಸುವ ಪರಮೇಶ್ ಎಂಬ ಮೀನುಗಾರನ ಹತ್ತಿರ ಹೋಗಿ, "ಆ ಹಲಗೆ ನಂಗೂ ಒಂದ್ಸಲ ಕೊಡಣ್ಣ" ಅಂದಳಂತೆ. ಅವತ್ತು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ವರ್ಷಕ್ಕೆರಡು ಸಲ ಹೋಗುತ್ತಾಳೆ, ಮುಖ ಕಪ್ಪಗೆ ಮಾಡಿಕೊಂಡು ಬರುತ್ತಾಳೆ, ವಾರಗಟ್ಟಲೆ ಒಬ್ಬಳೇ ನಗುತ್ತಿರುತ್ತಾಳೆ.

ಇಷ್ಟು ದಿನ ಅವಳು ಮಾಡಿದ್ದು ದಡದ ನೊರೆಯಲ್ಲಿ ಹಲಗೆಯ ಮೇಲೆ ಎದ್ದು ನಿಂತು ನೇರ ಮರಳಿಗೆ ಬರುವುದು. ಅದು ಬಾಲವಾಡಿ ಪಾಠವಂತೆ. ಕಡಲಿಗೆ ಚಾಚಿಕೊಂಡ ಒಂದು ಬಂಡೆಯಿದೆ, ಅದರ ತುದಿಯಿಂದ ಏಳುವ ಅಲೆ ಒಮ್ಮೆಗೇ ಒಡೆಯದೆ, ಒಂದು ತುದಿಯಿಂದ ಸ್ವಲ್ಪಸ್ವಲ್ಪವೇ ಒಡೆಯುತ್ತಾ ದಡದ ಉದ್ದಕ್ಕೂ ಬರುತ್ತದಂತೆ. ಅದರ ಮೈಮೇಲೆ ಹಲಗೆಯಲ್ಲಿ ಅಡ್ಡಕ್ಕೆ ಜಾರಬೇಕು, ಅದೇ ನಿಜವಾದದ್ದಂತೆ. ಅದನ್ನು ಮುಂದಿನ ವರ್ಷ, ಮುಂದಿನ ವರ್ಷ ಎಂದು ಮುಂದೂಡುತ್ತಿದ್ದಳು.

ಅಷ್ಟರಲ್ಲಿ ಮಂಡಿ ಕೈಕೊಟ್ಟಿತು. ದೀಪಾವಳಿ ಕಳೆದ ಮೇಲೆ ಆಪರೇಷನ್ ಎಂದರು ತುಮಕೂರಿನ ಡಾಕ್ಟರು. ಆಮೇಲೆ ನಡೆಯಬಹುದು, ಮೆಟ್ಟಿಲು ಹತ್ತಬಹುದು, ಬಗ್ಗಿ ಜಿಗಿದು ನಿಲ್ಲುವ ಆಟ ಮಾತ್ರ ಮರೆತುಬಿಡಿ ಎಂದರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಮಂಗಳಾ ನನ್ನ ತೋಳು ಹಿಡಿದುಕೊಂಡು, "ಒಂದೇ ಒಂದು ಅಲೆ ಕಣ್ರೀ. ಆಮ್ಯಾಕೆ ಈ ಮಂಡಿ ಏನಾರ ಮಾಡ್ಕಳ್ಳಿ" ಅಂದಳು. ಅವಳು ನನ್ನನ್ನು ಏನೂ ಕೇಳಿದವಳಲ್ಲ.

"ನಾನೇ ಕರ್ಕೊಂಡು ಹೋಯ್ತಿನಿ ಬುಡೇ" ಅಂದೆ.

ಪರಮೇಶ್ ಫೋನು ಮಾಡಿದ. ಗುರುವಾರ ಒಳ್ಳೆಯ ಅಲೆ ಬರುತ್ತದೆ, ಆದರೆ ಹತ್ತು ಗಂಟೆಯವರೆಗೆ ಮಾತ್ರ. ಆಮೇಲೆ ಉಬ್ಬರದ ನೀರು ಏರಿ ಅಲೆ ಬಂಡೆಗೇ ಬಡಿಯುತ್ತದೆ. ಅಲ್ಲಿಗೆ ರಸ್ತೆಯಿಲ್ಲ, ಮೀನುಗಾರರ ಟ್ರ್ಯಾಕ್ಟರ್ ಓಡಾಡುವ ನಾಲ್ಕು ಕಿಲೋಮೀಟರ್ ಮರಳೇ ದಾರಿ. ನಾನು ಎದೆಯುಬ್ಬಿಸಿ, "ಮರಳಾ? ಜಯಮಂಗಲಿ ಹೊಳೇಲಿ ಟ್ರ್ಯಾಕ್ಟರ್ ಓಡ್ಸಿದೋನು ಕಣಪ್ಪ ನಾನು" ಅಂದೆ.

ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಕಡಲತೀರಕ್ಕೆ ಇಳಿದೆವು. ಹಲಗೆಯನ್ನು ಜೀಪಿನ ಮೇಲೆ ಕಡಲೆಕಾಯಿ ಮೂಟೆ ಕಟ್ಟುವ ಹಗ್ಗದಿಂದ ಬಿಗಿದಿದ್ದೆ. ಹಿಂದಿನ ಸೀಟಿನಿಂದ ಪರಮೇಶ್, "ನೀರಿನ ಪಕ್ಕದಲ್ಲೇ ಹೋಗಿ ಮಾರಾಯ್ರೆ, ಒದ್ದೆ ಮರಳು ಗಟ್ಟಿ ಉಂಟು" ಅಂದ.

ಒದ್ದೆ ಮರಳು ಗಟ್ಟಿಯಂತೆ! ಯಾರಿಗೆ ಹೇಳುತ್ತಾನೆ? ಇಪ್ಪತ್ತು ವರ್ಷದ ಹಿಂದೆ ಜಯಮಂಗಲಿಗೆ ಹೊಸನೀರು ಬಂದು ಹೋದ ಮಾರನೇ ದಿನ ನನ್ನ ಟ್ರ್ಯಾಕ್ಟರ್ ಒದ್ದೆ ಮರಳಲ್ಲಿ ಸೀಟಿನವರೆಗೆ ಕೂತುಬಿಟ್ಟಿತ್ತು. ಎತ್ತುವುದಕ್ಕೆ ಮೂರು ದಿನ, ಇಡೀ ಊರು ಬೇಕಾಯಿತು. ನಾನು ಸೊಂಟದವರೆಗೆ ಹೂತುಕೊಂಡು ಕೂಗಿಕೊಂಡದ್ದನ್ನು ಈಗಲೂ ಟೀ ಅಂಗಡಿಯಲ್ಲಿ ಹೇಳಿ ನಗುತ್ತಾರೆ. ನಮ್ಮ ಹೊಳೆಯಲ್ಲಿ ಒಣ ಮರಳೇ ದಾರಿ, ಹಸಿ ಮರಳೆಂದರೆ ಗುಂಡಿ. ನಾನು ಪರಮೇಶನ ಮಾತಿಗೆ ಕಿವಿಗೊಡದೆ ಮೇಲಿನ ಒಣ ಮರಳಿಗೇ ಜೀಪು ತಿರುಗಿಸಿದೆ.

ಒಂದೂವರೆ ಕಿಲೋಮೀಟರ್ ಹೋಗಿರಬೇಕು, ಜೀಪು ಬುಸ್ಸೆಂದು ಕೂತಿತು. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿ ತಾನೇ ತೋಡಿಕೊಂಡಿತು. "ನಾ ಹೇಳ್ಲಿಲ್ವಾ?" ಎಂದ ಪರಮೇಶ್. ಮಂಗಳಾ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಇಳಿದು, ಮರಳಲ್ಲಿ ಕೂತು, ಮಂಡಿ ನೀವಿಕೊಳ್ಳುತ್ತಾ ದೂರದ ಬಂಡೆಯನ್ನೇ ನೋಡುತ್ತಿದ್ದಳು. ಅಲ್ಲಿ ಬಿಳಿ ಗೆರೆಯೊಂದು ಎದ್ದು ನಿಧಾನವಾಗಿ ದಡದ ಉದ್ದಕ್ಕೂ ಓಡಿತು. ನನ್ನ ಮೇಲೆ ನನಗೇ ಸಿಟ್ಟು ಉಕ್ಕಿ ಬಂತು.

ಸಿಕ್ಕಿಕೊಂಡದ್ದನ್ನು ಬಿಡಿಸುವುದು ಮಾತ್ರ ನನಗೆ ಯಾರೂ ಕಲಿಸಬೇಕಿಲ್ಲ. ನಾಲ್ಕೂ ಟೈರಿನ ಗಾಳಿಯನ್ನು ಅರ್ಧ ಇಳಿಸಿದೆ. ಮರಳಲ್ಲಿ ಚಪ್ಪಟೆ ಟೈರೇ ಚೆಂದ. ನನ್ನ ಜೀಪಿನಲ್ಲಿ ಬೇರೇನಿಲ್ಲದಿದ್ದರೂ ಗೋಣಿಚೀಲ ಇದ್ದೇ ಇರುತ್ತವೆ. ಕೈಯಲ್ಲೇ ಮರಳು ತೋಡಿ ಚಕ್ರದ ಮುಂದೆ ಎರಡೆರಡು ಚೀಲ ಹಾಸಿದೆ. ಪರಮೇಶ್ ಹಿಂದಿನಿಂದ ನೂಕಿದ. ಜೀಪು ಎಮ್ಮೆಯ ಹಾಗೆ ಗುರುಗುಟ್ಟಿಕೊಂಡು ಎದ್ದು ಬಂತು.

ಗಂಟೆ ಒಂಬತ್ತು. ಮುಂದೆ ಒಣ ಮರಳು ಇನ್ನೂ ಸಡಿಲ. ಅದರಲ್ಲಿ ತೆವಳಿದರೆ ಬಂಡೆ ಮುಟ್ಟುವಷ್ಟರಲ್ಲಿ ಅಲೆ ಮುಗಿದಿರುತ್ತದೆ. ಕೆಳಗೆ ಒದ್ದೆ ಮರಳು ಕನ್ನಡಿಯಂತೆ ಹೊಳೆಯುತ್ತಿತ್ತು. ನಾನು ಗೇರಿಗೆ ಕೈ ಹಾಕದೆ ಆ ಹೊಳಪನ್ನೇ ನೋಡುತ್ತಿದ್ದುದನ್ನು ಮಂಗಳಾ ಗಮನಿಸಿಬಿಟ್ಟಳು.

"ನಿಮ್ಗೆ ಭಯ ಆಯ್ತದೆ ಅಂದ್ರೆ ಬ್ಯಾಡ ಬುಡ್ರೀ" ಅಂದಳು. "ಇಲ್ಲೇ ನೊರೇಲಿ ಒಂದೀಟು ಆಡ್ಕೊಂಡು ಹೋಗಾನ."

ಅದನ್ನು ಕುಹಕಕ್ಕೆ ಹೇಳಿರಲಿಲ್ಲ. ಅದಕ್ಕೇ ತಡೆಯಲಾಗಲಿಲ್ಲ.

"ಜೀಪು ಹತ್ತೇ ಸುಮ್ನೆ!" ಎಂದು ಗದರಿಸಿ, ಮನೆದೇವರನ್ನು ನೆನೆದು, ಸ್ಟೀರಿಂಗನ್ನು ನೀರಿನ ಕಡೆಗೆ ತಿರುಗಿಸಿದೆ. ಇನ್ನೇನು ಮುಳುಗಿದೆ ಎಂದು ಹಲ್ಲು ಕಚ್ಚಿದೆ. ಮುಳುಗಲಿಲ್ಲ. ಜೀಪು ಮಧುಗಿರಿ ರಸ್ತೆಯಲ್ಲಿ ಹೋದ ಹಾಗೆ ಸೊಯ್ಯೆಂದು ಓಡಿತು. ಥೂ ನನ್ನ ಬುದ್ಧಿಗಿಷ್ಟು! ಐದೇ ನಿಮಿಷಕ್ಕೆ ಬಂಡೆಯ ಬುಡದಲ್ಲಿದ್ದೆವು.

ಮಂಗಳಾ ಹಲಗೆ ಹಿಡಿದು ನೀರಿಗಿಳಿದಳು, ಪರಮೇಶ್ ಜೊತೆಗೆ ಈಜಿದ. ಮೊದಲ ಅಲೆ ಅವಳನ್ನು ಬಿಟ್ಟು ಹೋಯಿತು. ಎರಡನೆಯದು ಮಗುಚಿ ಹಾಕಿತು, ಕ್ಷಣಹೊತ್ತು ತಲೆ ಕಾಣಲಿಲ್ಲ. ಮೂರನೆಯದಕ್ಕೆ ಕೈಯಲ್ಲಿ ನೀರು ಬಗೆದಳು, ಬಗೆದಳು, ಎದ್ದಳು. ನಿಂತಳು!

"ಲೇ ಮಂಗಳಾ!" ಎಂದು ಕಿರುಚಿದೆ. ಅಲೆ ಅವಳನ್ನು ಹೊತ್ತು ದಡದ ಉದ್ದಕ್ಕೂ ಹೊರಟಿತು. ನಿಂತು ನೋಡಲು ನನ್ನಿಂದಾಗಲಿಲ್ಲ. ಜೀಪಿಗೆ ಹಾರಿ, ನೀರಿನಂಚಿನ ಮರಳಲ್ಲೇ ಅವಳ ಸಮಕ್ಕೆ ಓಡಿಸಿದೆ. ಅಲ್ಲಿ ಅವಳು, ಇಲ್ಲಿ ನಾನು. ಹಾರ್ನ್ ಒತ್ತಿದೆ, ಅವಳು ಒಂದು ಕೈ ಎತ್ತಿದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಚೆಂದ ಕಂಡದ್ದು ನನಗೆ ನೆನಪಿಲ್ಲ.

ಅಲೆ ಇಳಿದಲ್ಲಿ ಇಳಿದು, ಹಲಗೆ ತಬ್ಬಿಕೊಂಡು, ಏದುಸಿರು ಬಿಡುತ್ತಾ ಬಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ. "ನಿಮ್ ಜೀಪಿಗಿಂತ ನಾನೇ ಮುಂದೆ ಇದ್ದೆ, ನೋಡಿದ್ರಾ?" ಅಂದಳು. ಆಮೇಲೆ ದೂರದ ಬಂಡೆ ನೋಡಿ, "ಅಲ್ಲಿಗೆ ವಾಪಸ್ ಈಜೋಕೆ ತೋಳು ಬರಕಿಲ್ಲ, ನಡೆಯೋಕೆ ಮಂಡಿ ಬರಕಿಲ್ಲ. ಒಂದು ಅಂದಿದ್ದೆ, ಒಂದಾಯ್ತು, ಸಾಕು" ಎಂದಳು.

"ಮತ್ತೆ ನಾನ್ಯಾಕೆ ಇದ್ದೀನಿ? ಹತ್ತೇ" ಅಂದೆ.

ಅವಳನ್ನೂ ಹಲಗೆಯನ್ನೂ ಜೀಪಿಗೇರಿಸಿ ಬಂಡೆಯ ಬುಡಕ್ಕೆ ಬಿಟ್ಟೆ. ಅವಳು ಅಲೆಯಲ್ಲಿ ಬಂದಳು, ನಾನು ಮರಳಲ್ಲಿ ಬಂದೆ, ಮತ್ತೆ ಹತ್ತಿಸಿಕೊಂಡು ಹೋದೆ. ಕೊಡಿಗೇನಹಳ್ಳಿ-ಮಧುಗಿರಿ ಬಸ್ಸೂ ಅಷ್ಟು ಟ್ರಿಪ್ ಹೊಡೆದಿರಲಾರದು. ಪರಮೇಶ್ ಬಂಡೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಐದನೇ ಅಲೆ ಮುಗಿಸಿ ಕುಂಟಿಕೊಂಡು ಬಂದವಳನ್ನು, "ಇನ್ನೊಂದಾ?" ಎಂದು ಕೇಳಿದೆ.

"ಹತ್ತು ಗಂಟೆ ಆಗ್ತಾ ಬಂತು. ಮೊದ್ಲು ನಿಮ್ ಚಕ್ರ ನೋಡ್ಕಳ್ರೀ" ಎಂದು ಕೈ ತೋರಿಸಿದಳು.

ಬಗ್ಗಿ ನೋಡಿದೆ. ಉಬ್ಬರದ ನೀರು ಅರ್ಧ ಚಕ್ರ ಮುಳುಗಿಸಿತ್ತು. ಒದ್ದೆ ಮರಳು ಬಿಟ್ಟು ನಾನು ಸಮುದ್ರದೊಳಗೇ ಜೀಪು ನಿಲ್ಲಿಸಿಕೊಂಡು ಕೂತಿದ್ದೆ, ನನಗೆ ಗೊತ್ತೇ ಆಗಿರಲಿಲ್ಲ.

"ಇರ್ಲಿ ಬುಡೇ" ಅಂದೆ. "ಜೀಪು ಹತ್ತೇ, ಇನ್ನೊಂದು ಆಗೋಗ್ಲಿ."