ಏನೂ ಬೇಡದವನು

ನನಗೆ ಅನುಮಾನ ಜಾಸ್ತಿ ಅಂತ ಊರಲ್ಲೆಲ್ಲ ಹೆಸರಿದೆ. ಇರಲಿ ಬಿಡಿ, ಸುಳ್ಳೇನಲ್ಲ. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ತೂಗುವಾಗ ಎಲ್ಲರೂ ಯಂತ್ರದ ಅಂಕಿ ನೋಡಿದರೆ ನಾನು ತೂಗುವವನ ಕಾಲು ಎಲ್ಲಿದೆ ಅಂತ ನೋಡುತ್ತೇನೆ. ಯಾರಾದರೂ ಸುಮ್ಮಸುಮ್ಮನೆ ಕಾಫಿ ಕೊಡಿಸಿದರೆ ಅದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಇಂಥ ನಾನು ಅಮೆರಿಕವನ್ನು ನಂಬುತ್ತೇನೆಯೇ?

ನಂಬುವವನು ತಿಮ್ಮರಾಜು. ನೊಣವಿನಕೆರೆ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ದಿನಾ ಬೆಳಿಗ್ಗೆ ನಾವಿಬ್ಬರೂ ಕೂತು ಲೋಕದ ವ್ಯವಹಾರವನ್ನೆಲ್ಲ ಇತ್ಯರ್ಥ ಮಾಡುತ್ತೇವೆ. ಒಂದೇ ಬೆಂಚಿನಲ್ಲಿ ಓದಿದವರು, ಹಾಗಾಗಿ ಬೈದಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಅವನು ಹರೆಯದಲ್ಲಿ ಕುವೈತಿಗೆ ಡ್ರೈವರ್ ಕೆಲಸಕ್ಕೆ ಹೋಗಿದ್ದ. ಇರಾಕಿನ ಸೈನ್ಯ ನುಗ್ಗಿದಾಗ ಅಲ್ಲೇ ಇದ್ದ. ಮರಳುಗಾಡಿನ ಡೇರೆಯಲ್ಲಿ ಬಿದ್ದಿದ್ದು, ಜೋರ್ಡಾನಿನಿಂದ ವಿಮಾನ ಹತ್ತಿ, ಉಟ್ಟ ಬಟ್ಟೆಯಲ್ಲೇ ಊರಿಗೆ ಬಂದ. ಅವತ್ತಿನಿಂದ ಅವನು ಕುವೈತ್ ತಿಮ್ಮರಾಜು.

ಕಳೆದ ವರ್ಷ ಅಮೆರಿಕ ಇರಾನಿನ ಮೇಲೆ ಬಾಂಬು ಹಾಕಿದ ದಿನ ಹೋಟೆಲಿನ ಟೀವಿಯಲ್ಲಿ ಅದೇ ವಿಮಾನ ಮತ್ತೆ ಮತ್ತೆ ಹಾರುತ್ತಿತ್ತು.

"ಇನ್ನೊಬ್ರ ಮನೆಗೆ ಹೇಳ್ದೆ ಕೇಳ್ದೆ ನುಗ್ಗೋದು ಅವನಿಗೆ ಚಾಳಿ ಆಗೋಗಿದೆ ಕಣ್ಲಾ," ಅಂದೆ ನಾನು. "ಇರಾಕಲ್ಲೂ ಹಿಂಗೇ, ಭಾರಿ ಅಸ್ತ್ರ ಬಚ್ಚಿಟ್ಟವ್ನೆ ಅಂದ. ಊರೂರು ಹುಡುಕಿದ. ಏನು ಸಿಕ್ತು?"

"ಇರಾಕಿಗೆ ಹೋಗಿದ್ದು ತಪ್ಪು, ನಾನೂ ಒಪ್ತೀನಿ. ಕುವೈತಿಗೆ ಬಂದಿದ್ದು ತಪ್ಪಾ? ನಮ್ಮ ಸಾಹುಕಾರನ ಮಗನ್ನ ಇರಾಕಿನ ಸೈನಿಕರು ನನ್ನ ಕಣ್ಣೆದುರಿಗೇ ಎಳ್ಕೊಂಡು ಹೋದ್ರು ಕಣ್ಲಾ. ಅವರಮ್ಮ ಬಾಗಿಲಲ್ಲಿ ನಿಂತು ಕೂಗ್ತಾನೇ ಇದ್ಳು. ಅವಾಗ ನಿನ್ನಂಥ ಮರ್ಯಾದಸ್ತರು ಯಾರು ಬಂದ್ರು?"

"ಅಲ್ಲಿ ಎಣ್ಣೆ ಬದ್ಲು ಬರೀ ತೆಂಗಿನಕಾಯಿ ಇದ್ದಿದ್ರೆ ಅವನು ಬರ್ತಿದ್ನಾ?"

ಹೋಟೆಲಿನವರೆಲ್ಲ ನಕ್ಕರು. ತಿಮ್ಮರಾಜು ನಗಲಿಲ್ಲ. "ಬರ್ತಿರ್ಲಿಲ್ಲ," ಅಂದ. "ರುವಾಂಡಾದಲ್ಲಿ ಎಣ್ಣೆ ಇರ್ಲಿಲ್ಲ. ಲಕ್ಷಗಟ್ಲೆ ಜನನ್ನ ಕೊಚ್ಚಾಕಿದ್ರು. ತಡೆಯೋಕೆ ಅಮೆರಿಕನೂ ಹೋಗ್ಲಿಲ್ಲ. ಅದು ಸರಿ ಅಂತೀಯಾ ಹಂಗಾದ್ರೆ?"

ಸೋತೆ ಅನ್ನುವ ಜಾಯಮಾನ ನನ್ನದಲ್ಲ. "ನೀನು ಬುಡಪ್ಪ, ಕುವೈತಿನ ಉಪ್ಪು ತಿಂದೋನು" ಅಂತ ಮೊಟಕಿ ಎದ್ದು ಬಂದೆ.

ಇದು ದೂರದ ಜಗಳ. ಹತ್ತಿರದ್ದು ನಮ್ಮ ಬೇಲಿಯಾಚೆಗಿತ್ತು.

ಬೇಲಿಯಾಚೆ ಯೋಗೀಶನ ಮನೆ. ಅವನಪ್ಪ ನನ್ನ ಸ್ನೇಹಿತ, ತೀರಿಕೊಂಡು ವರ್ಷಗಳಾದವು. ಈಗ ಮನೆಯಲ್ಲಿ ಯೋಗೀಶ ಮತ್ತು ಅವನ ಹೆಂಡತಿ ಸೌಂದರ್ಯ ಇಬ್ಬರೇ. ಅವಳು ಹುಳಿಯಾರು ಕಡೆಯ ಹುಡುಗಿ, ತವರಿನಲ್ಲಿ ಹೇಳಿಕೊಳ್ಳುವಂಥ ಯಾರೂ ಉಳಿದಿಲ್ಲ. ಸಂಜೆಯ ಹೊತ್ತಿಗೆ ಆ ಮನೆಯಿಂದ ಧಡ್ ಅಂತ ಸದ್ದು ಬರುತ್ತಿತ್ತು. ನಮ್ಮ ಸೀಮೆಯಲ್ಲಿ ಮನೆಯೊಳಗೆ ಧಡ್ ಅಂದರೆ ಯಾರೂ ತಲೆ ಎತ್ತುವುದಿಲ್ಲ. ಎಲ್ಲರ ಮನೆಯ ಅಟ್ಟದ ಮೇಲೂ ಕಾಯಿಯ ರಾಶಿ ಇರುತ್ತದೆ, ಕೊಬ್ಬರಿಯಾಗಲು ವರ್ಷದಷ್ಟು ಕಾಲ ಅಲ್ಲೇ ಒಣಗಬೇಕು. ಹಾಕುವಾಗ ತೆಗೆಯುವಾಗ ಒಂದೆರಡು ಉರುಳಿ ಬೀಳುತ್ತವೆ. ಯೋಗೀಶ ಅಟ್ಟದ ಕಾಯಿ ಇಳಿಸುತ್ತಿರಬೇಕು ಅಂದುಕೊಂಡು ನಾನು ಪೇಪರಿನಲ್ಲಿ ಮುಖ ಹುದುಗಿಸುತ್ತಿದ್ದೆ. ದಿನಾ ಸಂಜೆ ಯಾರು ಕಾಯಿ ಇಳಿಸುತ್ತಾರೆ ಅಂತ ಕೇಳಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಸೌಂದರ್ಯ ಬೇಲಿಯ ಹತ್ತಿರ ಬಟ್ಟೆ ಹರವುತ್ತಿದ್ದಳು. ದವಡೆಯ ಕೆಳಗೆ ನೀಲಿಗಟ್ಟಿತ್ತು.

"ಏನವ್ವ ಅದು?" ಅಂದೆ.

"ತೋಟದಲ್ಲಿ ಗರಿ ಬಿತ್ತು ಮಾವ."

"ಒಣಗರಿ ಇರೋ ಮರದ ಕೆಳಗೆ ನಿಲ್ಬಾರ್ದು ಕಣವ್ವ, ನೋಡ್ಕೊಂಡು ಓಡಾಡು" ಅಂತ ದೊಡ್ಡಮನುಷ್ಯನ ಹಾಗೆ ಬುದ್ಧಿ ಹೇಳಿ ಒಳಗೆ ಬಂದೆ.

ನನ್ನ ಹೆಂಡತಿ ಶಿವರುದ್ರಮ್ಮ ಅಡುಗೆಮನೆಯ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಗರಿ ಮೇಲಿಂದ ಬೀಳ್ತದೋ, ಕೆಳಗಿಂದ ಏಳ್ತದೋ?" ಅಂದಳು.

"ಅಂದ್ರೆ?"

"ತಲೆ ಮೇಲೋ ಭುಜದ ಮೇಲೋ ಬಿದ್ರೆ ಸರಿ. ದವಡೆ ಕೆಳಗೆ ಹೆಂಗ್ ಬಿತ್ತು ಕಣ್ರೀ? ಊರೋರ ಮೇಲೆಲ್ಲ ಅನುಮಾನ ಪಡ್ತೀರ. ಇದೊಂದಕ್ಕೆ ಬರ್ಲಿಲ್ವಾ?"

ಬಂದಿತ್ತು. ಗರಿ ಅಂದ ಕೂಡಲೇ ಬಂದಿತ್ತು. ಆದರೆ ಆ ಅನುಮಾನವನ್ನು ನಿಜ ಅಂತ ಒಪ್ಪಿದರೆ ಎದ್ದು ಆಚೆ ಮನೆಗೆ ಹೋಗಬೇಕಾಗುತ್ತಿತ್ತು. ಗರಿಯನ್ನು ನಂಬಿದರೆ ಕಾಫಿ ಕುಡಿಯಬಹುದಿತ್ತು.

"ಗಂಡ ಹೆಂಡ್ತಿ ವಿಚಾರ ಕಣೇ," ಅಂದೆ. "ಅವ್ರ ಮನೆ ಒಳಗೆ ಹೋಗೋಕೆ ನಾವ್ಯಾರು? ನಾಳೆ ಅವಳೇ 'ನೀವ್ಯಾಕೆ ಬಂದ್ರಿ' ಅಂದ್ರೆ ಮುಖ ಎಲ್ಲಿಡೋದು?"

"ನಾನು ಹೋಗಿ ಬಂದೆ. ನನ್ನ ಮಾತು ಅವನಿಗೆ ಲೆಕ್ಕಕ್ಕಿಲ್ಲ. ಪೊಲೀಸ್ರನ್ನ ಕರೀತೀನಿ ಅಂದ್ರೆ ಆ ಹುಡುಗಿ ಕೈ ಹಿಡ್ಕೊಂಡು ಬೇಡ ಅಂದ್ಳು. ನೀವು ಅವರಪ್ಪನ ಸ್ನೇಹಿತ್ರು. ಹೋಗಿ ಎದುರಿಗೆ ನಿಂತ್ರೆ ಸಾಕು."

ನೋಡೋಣ ಅಂದೆ. ನೋಡೋಣ ಅನ್ನುವ ಮಾತಿಗೆ ನಮ್ಮ ಮನೆಯಲ್ಲಿ ಏನರ್ಥ ಅಂತ ಅವಳಿಗೆ ಗೊತ್ತು.

ಆ ವಾರ ಹೋಟೆಲಿನಲ್ಲಿ ತಿಮ್ಮರಾಜು ಅಮೆರಿಕದ ಮಾತೆತ್ತಲಿಲ್ಲ. "ಆ ಹುಡುಗಿ ಕೂಗೋದು ನಮ್ಮ ತೋಟದವರ್ಗೂ ಕೇಳ್ತದೆ. ಪಕ್ಕದಲ್ಲಿರೋ ನಿಂಗೆ ಕೇಳಲ್ವೇನ್ಲಾ? ಬಾ, ಇಬ್ರೂ ಹೋಗಿ ಅವನಿಗೆ ಬುದ್ಧಿ ಕಲ್ಸಾಣ" ಅಂದ.

ನನ್ನ ಕಿವಿ ನಿಮಿರಿದವು. ತಿಮ್ಮರಾಜುವಿನ ತೋಟ ಇರುವುದು ಯೋಗೀಶನ ತೋಟದ ಹಿಂದೆ. ಅಲ್ಲಿಗೆ ಟ್ರ್ಯಾಕ್ಟರ್ ಹೋಗುವ ದಾರಿ ಇಲ್ಲ. ಕಿತ್ತ ಕಾಯನ್ನೆಲ್ಲ ಆಳುಗಳು ಕೆರೆ ಏರಿ ಸುತ್ತಿ ಹೊತ್ತು ತರಬೇಕು. ಯೋಗೀಶನ ತೋಟದ ಅಂಚಿನಲ್ಲಿ ಒಂದು ದಾರಿ ಬಿಟ್ಟುಕೊಡಿ ಅಂತ ಮೊದಲು ಅವನಪ್ಪನನ್ನು ಕೇಳಿದ್ದ, ಆಮೇಲೆ ಯೋಗೀಶನನ್ನು. ಇಬ್ಬರೂ ಆಗುವುದಿಲ್ಲ ಅಂದಿದ್ದರು.

"ಇದ್ದಕ್ಕಿದ್ದಂಗೆ ಕರುಣೆ ಯಾಕ್ ಬಂತಪ್ಪ ನಿಂಗೆ?" ಅಂದೆ.

"ದಾರಿ ವಿಚಾರ ಬೇರೆ, ಇದು ಬೇರೆ ಕಣ್ಲಾ."

"ಎರಡೂ ಒಂದೇ ತೋಟದಲ್ಲಿ ಐತಲ್ಲ."

ಅವನ ಮುಖ ಕೆಂಪಾಯಿತು. "ನೀನು ಬರಲ್ಲ ಅನ್ನು, ಅಷ್ಟೇ," ಅಂದ. ನಾನು ಬರಲ್ಲ ಅಂದೆ. ಅವನ ಹೊಟ್ಟೆಯೊಳಗಿದ್ದದ್ದನ್ನು ಹಿಡಿದುಬಿಟ್ಟೆ ಅನ್ನುವ ಹೆಮ್ಮೆಯಲ್ಲಿ ಮನೆಗೆ ಬಂದೆ.

ಅದಾದ ಮೇಲೆ ಒಂದು ಮಧ್ಯಾಹ್ನ ಸೌಂದರ್ಯ ಕೂಗಿದಳು. ಅದು ಅಟ್ಟದಿಂದ ಕಾಯಿ ಉರುಳಿದ ಸದ್ದು ಅಂತ ನನಗೂ ಹೇಳಿಕೊಳ್ಳಲಾಗಲಿಲ್ಲ. ಎದ್ದೆ, ಬೇಲಿಯ ತನಕ ಹೋದೆ, ಅಲ್ಲಿ ನಿಂತೆ. ಯಾಕೆ ನಿಂತೆ ಅಂದರೆ ಹೇಳಲು ಬರುವುದಿಲ್ಲ. ಅಷ್ಟರಲ್ಲಿ ತೋಟದ ಕಡೆಯಿಂದ ತಿಮ್ಮರಾಜು ಬಂದ. ಜೊತೆಗೆ ಕಾಯಿ ಕೀಳುವ ಇಬ್ಬರು ಆಳುಗಳು. ಬಾಗಿಲನ್ನು ಒದ್ದು ತೆಗೆದರು. ಯೋಗೀಶನನ್ನು ಅಂಗಳಕ್ಕೆ ಎಳೆದು ತಂದು ಬಡಿದರು. ಎರಡೇಟಿಗೆ ಅವನು ಕೈ ಮುಗಿದಿದ್ದ, ಆದರೂ ಅವರು ನಿಲ್ಲಿಸಲಿಲ್ಲ. ಬಾಯಿಂದ ರಕ್ತ ಬಂತು. ಸೌಂದರ್ಯ ಬಾಗಿಲಲ್ಲಿ ನಿಂತು "ಸಾಕು ಬಿಡಿ" ಅಂದರೂ ಯಾರೂ ಕೇಳಲಿಲ್ಲ. ಸಂಜೆಯ ಬಸ್ಸಿಗೆ ಅವನನ್ನು ಹತ್ತಿಸಿ ದಂಡಿನಶಿವರದ ಅಕ್ಕನ ಮನೆಗೆ ಅಟ್ಟಿದರು. ಊರಿನವರೆಲ್ಲ ತಿಮ್ಮರಾಜುವನ್ನು ಹೊಗಳಿದರು. ಶಿವರುದ್ರಮ್ಮ ಅವನಿಗೆ ಮಜ್ಜಿಗೆ ಕೊಟ್ಟಳು. ನನಗೆ ಅದೂ ಉರಿಯಿತು.

ಅವತ್ತಿನಿಂದ ನನಗೆ ಕಾಯುವುದೇ ಕೆಲಸವಾಯಿತು. ಜಗಲಿಯ ಮೇಲೆ ಕೂತರೂ ಕಣ್ಣು ಆಚೆ ತೋಟದ ಮೇಲೆ. ತಿಂಗಳು ತುಂಬುವ ಮೊದಲೇ ತಿಮ್ಮರಾಜು ತರಿಸಿದ ಜೆಸಿಬಿ ಬಂತು. ತೋಟದ ಅಂಚಿನ ಫಲ ಬಿಡುವ ಮರಗಳು ಒಂದೊಂದಾಗಿ ಬುಡಸಮೇತ ಮಗುಚಿಕೊಂಡವು. ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ, ಮರ ಬೀಳುವುದನ್ನು ಕಂಡು ನನಗೆ ಖುಷಿಯಾಯಿತು. ನಾನು ಹೇಳಿದ್ದೇ ನಿಜವಾಗಿತ್ತು. ಇಷ್ಟು ದಿನ ದಾಟಲಾಗದಿದ್ದ ಬೇಲಿಯನ್ನು ಆಗ ಒಂದೇ ಉಸಿರಿಗೆ ದಾಟಿದೆ.

ಸೌಂದರ್ಯ ಜಗಲಿಯ ಮೇಲೆ ಕೂತು ಜೆಸಿಬಿಯನ್ನು ನೋಡುತ್ತಿದ್ದಳು.

"ನಿನ್ನ ಕೇಳಿದ್ನೇನವ್ವ ಅವನು?" ಅಂದೆ.

"ಇಲ್ಲ ಮಾವ. ಕೇಳಿದ್ರೂ ಬೇಡ ಅನ್ನೋಕೆ ಬಾಯಿ ಎಲ್ಲಿತ್ತು ನಂಗೆ?"

"ನಂಗೆ ಮೊದಲೇ ಗೊತ್ತಿತ್ತು! ನಿನ್ನ ಉಳಿಸೋಕೆ ಬಂದಿದ್ದಲ್ಲ ಅವನು, ದಾರಿ ಮಾಡ್ಕೊಳೋಕೆ ಬಂದಿದ್ದು. ನಾನು ಅವತ್ತೇ ಅವನ ಮುಖಕ್ಕೇ ಅಂದಿದ್ದೆ."

ಅವಳು ನನ್ನ ಕಡೆ ತಿರುಗಿದಳು. ದವಡೆಯ ನೀಲಿ ಹೋಗಿತ್ತು. ಸಿಟ್ಟು ಮಾಡಿಕೊಳ್ಳಲಿಲ್ಲ, ಅಳಲೂ ಇಲ್ಲ.

"ನಂಗೂ ಗೊತ್ತಿತ್ತು ಮಾವ. ಅವ್ರಿಗೆ ದಾರಿ ಬೇಕಿತ್ತು, ಬಂದ್ರು. ನಿಮಗೆ ನಮ್ಮನೇಲಿ ಏನೂ ಬೇಕಿರ್ಲಿಲ್ಲ. ಅದಕ್ಕೇ ಅಲ್ವಾ ನೀವು ಬರ್ದೇ ಇದ್ದಿದ್ದು?"

ಜೆಸಿಬಿಯ ಗದ್ದಲದಲ್ಲಿ ಕೇಳಿಸಲಿಲ್ಲ ಅನ್ನುವ ಹಾಗೆ ನಟಿಸಬಹುದಿತ್ತು. ಆ ಹಾಳು ಡ್ರೈವರ್ ಅದೇ ಹೊತ್ತಿಗೆ ಗಾಡಿ ನಿಲ್ಲಿಸಿ ಬೀಡಿ ಹಚ್ಚಿದ್ದ. ನಾನು ಬೇಲಿ ದಾಟಿ ಮನೆಗೆ ಬಂದೆ. ಅವಳ ಮೇಲೆ ಕೋಪ ಬಂತು. ಎಷ್ಟು ಪ್ರಯತ್ನಪಟ್ಟರೂ ಅದು ಅವಳ ಮೇಲೆ ನಿಲ್ಲಲಿಲ್ಲ.

ಹೊಸ ದಾರಿಯಲ್ಲಿ ತಿಮ್ಮರಾಜುವಿನ ಟ್ರ್ಯಾಕ್ಟರ್ ಓಡಾಡತೊಡಗಿತು. ಹೋಟೆಲಿನಲ್ಲಿ ನಾವು ಬೇರೆ ಬೇರೆ ಮೇಜಿಗೆ ಕೂರತೊಡಗಿದೆವು.

ಹಬ್ಬಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಸೌಂದರ್ಯ ಬೇಲಿಯ ಹತ್ತಿರ ಬಂದು ನಿಂತಳು. ಕೈಯಲ್ಲಿ ಮೊಬೈಲು.

"ನಮ್ಮನೆಯವ್ರು ವಾಪಸ್ ಬತ್ತಾವ್ರಂತೆ ಮಾವ, ಬಸ್ ಹತ್ತವ್ರಂತೆ. ತಿಮ್ಮರಾಜಪ್ಪೋರಿಗೆ ಫೋನ್ ಮಾಡ್ದೆ."

"ಏನಂದ?"

"ತುರುವೇಕೆರೇಲಿದೀನಿ ಕಣಮ್ಮ, ದಿನಾ ಬರೋಕಾಗ್ತದಾ, ನಿಮ್ಮೋರ್ಗೆ ಯಾರ್ಗಾದ್ರೂ ಹೇಳು ಅಂದ್ರು."

ನನಗೆ ಅಫ್ಘಾನಿಸ್ತಾನ ನೆನಪಾಯಿತು. ಇಪ್ಪತ್ತು ವರ್ಷ ಅಲ್ಲಿ ಕೂತಿದ್ದ ಅಮೆರಿಕ ಎದ್ದು ಹೊರಟಾಗಿನ ವಿಮಾನ, ಅದರ ಹಿಂದೆ ರನ್‌ವೇಯಲ್ಲಿ ಓಡುತ್ತಿದ್ದ ಜನ. ಹೋಟೆಲಿನಲ್ಲಾಗಿದ್ದರೆ ಆ ಒಂದು ಮಾತಿನಿಂದಲೇ ತಿಮ್ಮರಾಜುವನ್ನು ಮಣ್ಣು ಮುಕ್ಕಿಸಿಬಿಡುತ್ತಿದ್ದೆ. ಆದರೆ ಎದುರಿಗೆ ನಗಲು ಹೋಟೆಲಿನವರು ಇರಲಿಲ್ಲ. ಈ ಹುಡುಗಿ ನಿಂತಿದ್ದಳು, ಬಸ್ಸು ಬರುತ್ತಿತ್ತು.

"ನಾನು ಬರ್ಲೇನವ್ವ?" ಅಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಅವಳು ನನ್ನನ್ನೇ ನೋಡಿದಳು. ನಂಬಬೇಕೋ ಬೇಡವೋ ಅಂತ ಅಳೆಯುತ್ತಿದ್ದಳು, ಅಳೆಯಲಿ. "ಬನ್ನಿ," ಅಂದಳು. "ಹೊಡಿಯೋದು ಬಡಿಯೋದು ಬ್ಯಾಡ. ನೋಡೋರು ಒಬ್ರಾದ್ರೂ ಇದಾರೆ ಅಂತ ಅವ್ರಿಗೆ ಗೊತ್ತಾದ್ರೆ ಸಾಕು."

ಹೋಗಿ ಅವರ ಜಗಲಿಯ ಮೇಲೆ ಕೂತೆ. ಶಿವರುದ್ರಮ್ಮ ನನ್ನ ಹಿಂದೆಯೇ ಬಂದು ಒಳಗೆ ಸೌಂದರ್ಯಳ ಜೊತೆ ಕೂತಳು. ಯೋಗೀಶ ಬಂದ. ಬ್ಯಾಗು ಇಳಿಸದೆ ಅಂಗಳದಲ್ಲೇ ನಿಂತ. ಮುಂದಿನ ಒಂದು ಹಲ್ಲು ಇರಲಿಲ್ಲ, ಸೊರಗಿದ್ದ. ಅವನ ಅಪ್ಪನ ಮುಖ ನೆನಪಾಗಿ ಮರುಕವೂ ಆಯಿತು.

"ಏನ್ ದೊಡ್ಡಪ್ಪ, ನಿಮಗೇನು ಬೇಕಿತ್ತು ಇಲ್ಲಿ?"

"ಏನೂ ಬೇಡ ಕಣಪ್ಪ."

ಅವನು ನಕ್ಕ. "ತಿಮ್ಮರಾಜಪ್ಪನೂ ಏನೂ ಬೇಡ ಅಂತಾನೇ ಬಂದಿದ್ದು. ನೀವು ಹೇಳ್ಬುಡಿ. ಬೇಲಿ ಈ ಕಡೆ ಸರಿಸ್ಬೇಕಾ? ಬೋರ್‌ವೆಲ್ ನೀರು ಬೇಕಾ?"

ರಕ್ತ ನೆತ್ತಿಗೇರಿತು. ನನ್ನನ್ನು ತಿಮ್ಮರಾಜುವಿನ ಸಾಲಿಗೆ ಸೇರಿಸುತ್ತಾನಲ್ಲ ಅಂತ ಎದ್ದು ಹೊರಟುಬಿಡಬೇಕು ಅನ್ನಿಸಿತು. ಎದ್ದರೆ ಏನಾಗುತ್ತದೆ ಅಂತಲೂ ಗೊತ್ತಿತ್ತು. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಅವನು ನಂಬುವಂಥ ಉತ್ತರ ಯಾವುದೂ ಇರಲಿಲ್ಲ, ಇದ್ದಿದ್ದರೆ ನಾನೇ ನಂಬುತ್ತಿರಲಿಲ್ಲ.

"ನಂಬಬೇಡ ಕಣಪ್ಪ," ಅಂದೆ. "ಅನುಮಾನ ಪಡ್ತಾನೇ ಇರು. ನಾನು ಮಾತ್ರ ದಿನಾ ಸಂಜೆ ಬಂದು ಇಲ್ಲೇ ಕೂತ್ಕೋತೀನಿ."

ಅವನು ನನ್ನನ್ನು ದುರುಗುಟ್ಟಿಕೊಂಡು ನೋಡಿ ಒಳಗೆ ಹೋದ. ಮುಚ್ಚಲು ಬಾಗಿಲಿಗೆ ಕೈ ಹಾಕಿದ.

"ತೆಗ್ದೇ ಇರ್ಲಿ," ಅಂದಳು ಸೌಂದರ್ಯ.